ಮುಖ ಹುಡುಕುವ ಲೆಕ್ಕ, ಬಣ್ಣ ಹಚ್ಚಿದ ಕೆನ್ನೆ

“ಕಂಪ್ಯೂಟರೇ ಅಲ್ಲ ಅಂತಿದೆ, ನಾವೇನು ಮಾಡೋಕಾಗುತ್ತೆ?” ಸರ್ಕಾರಿ ಕೆಲಸಗಳೆಲ್ಲ ಪರದೆಗೆ ಬಂದು, ಯಂತ್ರವೇ ಮುಖ ನೋಡಿ ಗುರುತು ಹಿಡಿಯತೊಡಗಿದ ಮೇಲೆ ಈ ಮಾತು ಹುಟ್ಟಿಕೊಂಡಿದೆ. ಯಂತ್ರ ಹೇಳಿದ್ದನ್ನು ದೇವರ ಅಪ್ಪಣೆಯ ಹಾಗೆ ಒಪ್ಪಿಕೊಳ್ಳುವುದು ನನ್ನ ಪ್ರಕಾರ ಮೂಢನಂಬಿಕೆಯೇ. ಇದನ್ನು ಬಿಡಿಸುವಲ್ಲಿ ಪಾಠಪುಸ್ತಕಕ್ಕಿಂತ ಕಲೆ ಜಾಸ್ತಿ ಕೆಲಸ ಮಾಡಿದೆ.

2010ರಲ್ಲಿ ಅಮೆರಿಕದ ಕಲಾವಿದ ಆಡಮ್ ಹಾರ್ವಿ ‘ಸಿವಿ ಡ್ಯಾಜಲ್’ ಎಂಬ ಕೃತಿ ಮಾಡಿದರು. ಕಣ್ಣುಗಳ ನಡುವೆ ಮೂಗು ಶುರುವಾಗುವ ಕಡೆ ಇಳಿಬಿಟ್ಟ ಕೂದಲು, ಕೆನ್ನೆಯ ಮೇಲೆ ದಪ್ಪ ಪಟ್ಟೆಗಳು. ನಮ್ಮ ಕಣ್ಣಿಗೆ ಅದು ಮುಖವೇ. ಮುಖ ಹುಡುಕುವ ತಂತ್ರಾಂಶಕ್ಕೆ ಮಾತ್ರ ಅಲ್ಲಿ ಯಾರೂ ಇಲ್ಲ!

ಯಾಕೆ ಹೀಗೆ? ಯಂತ್ರಕ್ಕೆ ಕಣ್ಣು, ಮೂಗು ಯಾವುದೂ ಗೊತ್ತಿಲ್ಲ. ಅದರ ಬಳಿ ಇರುವುದು ಚಿತ್ರದ ಪ್ರತಿ ಚುಕ್ಕಿಯ ಬೆಳಕಿನ ಅಂಕಿ ಮಾತ್ರ. ಕಂಪ್ಯೂಟರ್ ಸಂಶೋಧಕರಾದ ಪೌಲ್ ವಯೋಲಾ ಮತ್ತು ಮೈಕೆಲ್ ಜೋನ್ಸ್ 2001ರಲ್ಲಿ ಕೊಟ್ಟ ವಿಧಾನ 24ಕ್ಕೆ 24 ಚುಕ್ಕಿಯ ಚೌಕವೊಂದನ್ನು ಚಿತ್ರದ ಮೇಲೆಲ್ಲ ಸರಿಸುತ್ತಾ ಹೋಗುತ್ತದೆ. ಕಣ್ಣಿರಬೇಕಾದ ಪಟ್ಟಿ ಅದರ ಕೆಳಗಿನ ಕೆನ್ನೆಗಿಂತ ಕಪ್ಪಗಿದೆಯಾ? ಕಣ್ಣುಗಳ ನಡುವಿನ ಜಾಗ ಅಕ್ಕಪಕ್ಕಕ್ಕಿಂತ ಬೆಳ್ಳಗಿದೆಯಾ? ಇಲ್ಲ ಅಂದರೆ ಆ ಚೌಕ ಬಿಟ್ಟು ಮುಂದಕ್ಕೆ. ಹೌದು ಅಂದರೆ ಇನ್ನಷ್ಟು ಪ್ರಶ್ನೆ. ಹೀಗೆ 38 ಹಂತ ದಾಟಿದ್ದು ‘ಮುಖ’.

ಪ್ರತಿ ಪ್ರಶ್ನೆಗೂ ಚುಕ್ಕಿಗಳನ್ನು ಮೊದಲಿನಿಂದ ಕೂಡುತ್ತಾ ಕೂತರೆ ಮುಗಿಯುವ ಕೆಲಸವಲ್ಲ. ಅದಕ್ಕೆ ಅವರು ಹೂಡಿದ ಉಪಾಯ ನೆನೆದರೆ ನನಗೆ ಇಂದಿಗೂ ಖುಷಿಯಾಗುತ್ತದೆ. ಮೊದಲೇ ಒಂದು ಕೋಷ್ಟಕ ಮಾಡಿಕೊಳ್ಳುತ್ತಾರೆ. ಅದರ ಪ್ರತಿ ಮನೆಯಲ್ಲೂ, ಅಲ್ಲಿಂದ ಮೇಲಕ್ಕೂ ಎಡಕ್ಕೂ ಇರುವ ಎಲ್ಲ ಚುಕ್ಕಿಗಳ ಒಟ್ಟು ಮೊತ್ತ ಇರುತ್ತದೆ. ಕರೆಂಟ್ ಮೀಟರ್ ನೋಡಿ. ಅದು ಸುಮ್ನೆ ಕೂಡುತ್ತಾ ಹೋಗುತ್ತದೆ. ತಿಂಗಳ ಲೆಕ್ಕ ಬೇಕಾದರೆ ಈಗಿನ ರೀಡಿಂಗ್‌ನಿಂದ ಹಿಂದಿನದನ್ನು ಕಳೆದರಾಯಿತು. ಇಲ್ಲಿ ಅದೇ ಲೆಕ್ಕ ಉದ್ದಕ್ಕೂ ಇದೆ, ಅಡ್ಡಕ್ಕೂ ಇದೆ. ಒಂದು ಆಯತದ ಮೊತ್ತ ಬೇಕು ಅಂದುಕೊಳ್ಳಿ. ಅದರ ಕೆಳಗಿನ ಬಲ ಮೂಲೆಯ ಅಂಕಿ ತೆಗೆದುಕೊಳ್ಳಿ. ಅದರಲ್ಲಿ ಮೇಲಿನ ಭಾಗ ಕಳೆಯಿರಿ, ಎಡಭಾಗ ಕಳೆಯಿರಿ. ಮೇಲಿನ ಎಡ ಮೂಲೆಯ ತುಂಡು ಎರಡು ಸಲ ಕಳೆದುಹೋಯಿತು, ಅಲ್ವಾ? ಅದನ್ನು ಒಮ್ಮೆ ಕೂಡಿ. ಆಯತ ಎಷ್ಟೇ ದೊಡ್ಡದಿರಲಿ, ನಾಲ್ಕೇ ಅಂಕಿಯಲ್ಲಿ ಉತ್ತರ. 700 ಮೆಗಾಹರ್ಟ್ಸ್‌ನ ಆಗಿನ ಸಾಧಾರಣ ಕಂಪ್ಯೂಟರ್ ಈ ಉಪಾಯ ಮತ್ತು ಆ ಹಂತಹಂತದ ಜರಡಿಯಿಂದ ಸೆಕೆಂಡಿಗೆ 15 ಚಿತ್ರಗಳಲ್ಲಿ ಮುಖ ಹುಡುಕಿತು.

ಹಾರ್ವಿ ಕೈಹಾಕಿದ್ದು ಸರಿಯಾಗಿ ಈ ಕಪ್ಪು-ಬಿಳುಪಿನ ಲೆಕ್ಕಕ್ಕೆ. ಬೆಳ್ಳಗಿರಬೇಕಾದ ಕಡೆ ಕಪ್ಪು ಬಂದರೆ ಮೊದಲ ಹಂತಗಳಲ್ಲೇ ಚೌಕ ತಿರಸ್ಕಾರವಾಗುತ್ತದೆ. ಕೃತಿಯ ಹೆಸರಿನಲ್ಲಿ ‘ಸಿವಿ’ ಅಂದರೆ ಕಂಪ್ಯೂಟರ್ ವಿಷನ್, ಯಂತ್ರದ ನೋಟ; ‘ಡ್ಯಾಜಲ್’ ಹಳೆಯದೊಂದು ಯುದ್ಧತಂತ್ರದ ಹೆಸರು. 1917ರಲ್ಲಿ ಬ್ರಿಟನ್ನಿನ ಚಿತ್ರಕಾರ ನಾರ್ಮನ್ ವಿಲ್ಕಿನ್ಸನ್ ಹಡಗುಗಳಿಗೆ ಅಡ್ಡಾದಿಡ್ಡಿ ಪಟ್ಟೆ ಬಳಿಸಿದ್ದರು. ಜಲಾಂತರ್ಗಾಮಿಯಲ್ಲಿ ಕೂತವನಿಗೆ ಹಡಗು ಕಾಣಲಿ, ಆದರೆ ಅದು ಯಾವ ದಿಕ್ಕಿಗೆ ಹೊರಟಿದೆ ಅನ್ನುವುದು ತಪ್ಪಿಹೋಗಲಿ ಎಂಬುದು ಉದ್ದೇಶ.

ಆಮೇಲೆ ಬಂದ, ರಾಶಿ ರಾಶಿ ಚಿತ್ರ ನೋಡಿ ತಾವೇ ಕಲಿಯುವ ನರಜಾಲ ಆಧಾರಿತ ತಂತ್ರಾಂಶಗಳು ಇಂಥ ಬಣ್ಣಕ್ಕೆ ಅಷ್ಟು ಸುಲಭವಾಗಿ ಮೋಸ ಹೋಗುವುದಿಲ್ಲ. ಆದರೆ ಮುಖ ನೋಡುವ ತಂತ್ರಾಂಶಗಳು ಎಡವುವ ಇನ್ನೊಂದು ಜಾಗವಿದೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಜಾಯ್ ಬೂಲಮ್ವಿನಿ, ನೋಡುವವರ ಮುಖದ ಮೇಲೆ ಇನ್ನೊಂದು ರೂಪ ಮೂಡಿಸುವ ಕನ್ನಡಿಯೊಂದನ್ನು ಕಲಾಕೃತಿಯಾಗಿ ಮಾಡಲು ಹೊರಟಿದ್ದರು. ತಂತ್ರಾಂಶಕ್ಕೆ ಅವರ ಕಪ್ಪು ಮುಖ ಕಾಣಲೇ ಇಲ್ಲ. ಬಿಳಿ ಮುಖವಾಡ ಹಾಕಿಕೊಂಡಾಗ ತಕ್ಷಣ ಕಂಡಿತು. ಅಲ್ಲಿಂದ ಶುರುವಾದ ಹುಡುಕಾಟ 2018ರಲ್ಲಿ ಸಂಶೋಧಕಿ ಟಿಮ್ನಿಟ್ ಗೆಬ್ರು ಜೊತೆಗಿನ ಅಧ್ಯಯನವಾಯಿತು. ಮುಖ ನೋಡಿ ಗಂಡೋ ಹೆಣ್ಣೋ ಹೇಳುವ ಮೂರು ಕಂಪನಿಗಳ ವ್ಯವಸ್ಥೆಗಳನ್ನು ಅವರು ಪರೀಕ್ಷಿಸಿದರು. ಬಿಳಿ ಮೈಬಣ್ಣದ ಗಂಡಸರಲ್ಲಿ ತಪ್ಪು ಹೆಚ್ಚೆಂದರೆ ಶೇ 0.8. ಕಪ್ಪು ಮೈಬಣ್ಣದ ಹೆಂಗಸರಲ್ಲಿ ಶೇ 34.7ರವರೆಗೆ!

ಇನ್ನು ಈ ಮುಖ ಯಾರದ್ದು ಎಂದು ಗುರುತು ಹಿಡಿಯುವ ಯಂತ್ರ ನಿಜಕ್ಕೂ ‘ಹೌದು’, ‘ಅಲ್ಲ’ ಅನ್ನುವುದೇ ಇಲ್ಲ. ಎರಡು ಮುಖ ಎಷ್ಟು ಹೋಲುತ್ತವೆ ಎಂದು ಒಂದು ಅಂಕ ಕೊಡುತ್ತದೆ, ಅಷ್ಟೇ. ಎಷ್ಟು ಬಂದರೆ ಪಾಸು ಎಂದು ಗೆರೆ ಎಳೆಯುವುದು ಮನುಷ್ಯ. ಗೆರೆ ಮೇಲಿಟ್ಟರೆ ಅರ್ಹರೇ ಹೊರಗುಳಿಯುತ್ತಾರೆ, ಕೆಳಗಿಟ್ಟರೆ ಬೇರೆಯವರು ಒಳಗೆ ಬರುತ್ತಾರೆ. ಎರಡನ್ನೂ ಒಟ್ಟಿಗೆ ಸೊನ್ನೆ ಮಾಡುವ ಗೆರೆ ಸಿಗುವುದಿಲ್ಲ.

“ನನ್ನ ಹತ್ರ ಮುಚ್ಚಿಡುವಂಥದ್ದೇನಿದೆ?” ಅನ್ನುವವರು 1943ರ ಆಮ್‌ಸ್ಟರ್‌ಡ್ಯಾಮ್ ನೆನಪಿಡಬೇಕು. ನಗರದ ಜನಸಂಖ್ಯಾ ದಾಖಲೆಗಳು ಆಡಳಿತದ ಅನುಕೂಲಕ್ಕೆ ಇದ್ದವು. ನಾಜಿಗಳು ಬಂದ ಮೇಲೆ ಅವೇ ಯಹೂದಿಗಳನ್ನು ಹುಡುಕುವ ಸಾಧನವಾದವು. ನಕಲಿ ಗುರುತಿನ ಚೀಟಿ ಮಾಡಿಕೊಟ್ಟರೂ ಮೂಲ ದಾಖಲೆ ತೆಗೆದು ನೋಡಿದರೆ ಸಿಕ್ಕಿಬೀಳುತ್ತಿದ್ದರು. ಆ ಮಾರ್ಚ್ 27ರಂದು ಚಿತ್ರಕಾರ ವಿಲೆಮ್ ಅರೊಂಡೇಯಸ್, ಶಿಲ್ಪಿ ಗೆರಿಟ್ ವಾನ್ ಡರ್ ವೀನ್ ಮತ್ತು ಗೆಳೆಯರು ಪೊಲೀಸರ ವೇಷದಲ್ಲಿ ಹೋಗಿ ದಾಖಲೆ ಕಚೇರಿಯನ್ನು ಸ್ಫೋಟಿಸಿದರು. ಬೆಂಕಿ ಆರಿಸಲು ಬಂದವರು ಬೇಕೆಂದೇ ನಿಧಾನ ಮಾಡಿದರು, ಬೇಕಾದ್ದಕ್ಕಿಂತ ಜಾಸ್ತಿ ನೀರು ಸುರಿದರು. ಅರೊಂಡೇಯಸ್ ಅವರನ್ನು ಅದೇ ಜುಲೈನಲ್ಲಿ ಗುಂಡಿಟ್ಟು ಕೊಂದರು.

ದಾಖಲೆ ಇಡಲೇಬೇಕಾದರೆ ಯುರೋಪಿನ ಎಸ್ಟೋನಿಯಾ ದೇಶ ನೋಡಿ. ಅಲ್ಲಿ ನಾಗರಿಕರು ತಮ್ಮ ಮಾಹಿತಿಯನ್ನು ಯಾವ ಕಚೇರಿ ಯಾವಾಗ ತೆರೆದು ನೋಡಿತು ಎಂಬುದನ್ನು, ಹಲವು ದಾಖಲೆಗಳ ಮಟ್ಟಿಗೆ, ಸರ್ಕಾರಿ ಪೋರ್ಟಲ್‌ನಲ್ಲೇ ನೋಡಬಹುದು. ಸರ್ಕಾರ ಜನರನ್ನು ನೋಡುವಾಗ ಜನರೂ ಸರ್ಕಾರವನ್ನು ನೋಡುತ್ತಾರೆ. ನಂಬಿಕೆ ಬೇಕು ಅನ್ನುವ ಯಾವ ಸರ್ಕಾರವೂ ಕನಿಷ್ಠ ಇಷ್ಟು ಮಾಡಬೇಕು. ಮುಖ ನೋಡಿ ‘ಅಲ್ಲ’ ಎಂದು ವಾಪಸ್ ಕಳಿಸಿದಾಗಲೂ ಒಂದು ಚೀಟಿ ಕೈಗೆ ಬರಬೇಕು: ಅಂಕ ಎಷ್ಟು ಬಂತು, ಗೆರೆ ಎಲ್ಲಿತ್ತು, ಅದನ್ನು ಎಳೆದವರು ಯಾರು, ದೂರು ಯಾರ ಹತ್ತಿರ ಹೇಳಬೇಕು.