ಹೆಸರು ಅಳಿಸಿದರೂ ಗುರುತು ಉಳಿಯುತ್ತದೆ

"ಹೆಸರು ಹಾಕಿಲ್ಲವಲ್ಲ, ಇನ್ನೇನು ತೊಂದರೆ?" ಆನ್‌ಲೈನ್ ಗುಂಪಿನಲ್ಲಿ ಬೇರೆಯವರ ವಿಷಯ ಬರೆಯುವಾಗ ನಾವೆಲ್ಲ ಹೀಗೆ ಸಮಾಧಾನ ಮಾಡಿಕೊಳ್ಳುತ್ತೇವೆ, ಅಲ್ವಾ? ಖಾಸಗಿತನದ ಪಾಠವನ್ನು ಈ ಮಾತಿನಿಂದಲೇ ಶುರು ಮಾಡೋಣ. ಇದು ಎಷ್ಟು ತಪ್ಪು ಅಂತ ತೋರಿಸಿಕೊಟ್ಟ ಎರಡು ಘಟನೆಗಳಿವೆ.

ಮೊದಲನೆಯದು 1990ರ ದಶಕದ್ದು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ವಿಮಾ ಮಂಡಳಿಯೊಂದು ಸರ್ಕಾರಿ ನೌಕರರ ಆಸ್ಪತ್ರೆ ದಾಖಲೆಗಳನ್ನು ಸಂಶೋಧಕರಿಗೆ ಕೊಟ್ಟಿತು. ಹೆಸರು, ವಿಳಾಸ ತೆಗೆದಿದ್ದರು. ಆದರೆ ಹುಟ್ಟಿದ ದಿನ, ಲಿಂಗ, ಅಂಚೆಯ ಪಿನ್ ಕೋಡ್ ಹಾಗೇ ಉಳಿದಿದ್ದವು. ಆಗಿನ್ನೂ ವಿದ್ಯಾರ್ಥಿನಿಯಾಗಿದ್ದ ಲಟಾನ್ಯಾ ಸ್ವೀನಿ 20 ಡಾಲರ್ ಕೊಟ್ಟು ಕೇಂಬ್ರಿಡ್ಜ್ ಊರಿನ ಮತದಾರರ ಪಟ್ಟಿ ತಂದರು. ರಾಜ್ಯದ ಗವರ್ನರ್ ವಿಲಿಯಂ ವೆಲ್ಡ್ ಇದ್ದದ್ದು ಅದೇ ಊರಿನಲ್ಲಿ. ಅವರ ಹುಟ್ಟಿದ ದಿನಕ್ಕೆ ಹೊಂದುವವರು ಪಟ್ಟಿಯಲ್ಲಿ 6 ಜನ. ಅವರಲ್ಲಿ ಗಂಡಸರು 3. ವೆಲ್ಡ್ ಅವರ ಪಿನ್ ಕೋಡಿನಲ್ಲಿ ಇದ್ದವರು ಒಬ್ಬರೇ. ಅಷ್ಟಕ್ಕೇ ಗವರ್ನರ್ ಅವರ ಆಸ್ಪತ್ರೆ ದಾಖಲೆ ಯಾವುದು ಅಂತ ಗೊತ್ತಾಗಿಹೋಯಿತು. ಅಮೆರಿಕದ ಜನರಲ್ಲಿ ಸುಮಾರು 87% ಮಂದಿಯನ್ನು ಈ ಮೂರೇ ವಿವರಗಳಿಂದ ಗುರುತಿಸಬಹುದು ಎಂದು ಸ್ವೀನಿ 2000ದಲ್ಲಿ ಲೆಕ್ಕ ಹಾಕಿದರು.

ಜರಡಿಯನ್ನು ನೆನಪಿಸಿಕೊಳ್ಳಿ. ಒಂದೊಂದು ವಿವರವೂ ಒಂದೊಂದು ಜರಡಿ. ವಯಸ್ಸು ಹೇಳಿದಿರಿ, ಬಹಳ ಜನ ಜಾರಿಹೋದರು. ಕೆಲಸ ಹೇಳಿದಿರಿ, ಇನ್ನಷ್ಟು ಜನ ಹೋದರು. ಮಕ್ಕಳೆಷ್ಟು ಅಂತ ಹೇಳುವ ಹೊತ್ತಿಗೆ ಮೇಲೆ ಉಳಿದದ್ದು ಒಬ್ಬರೇ. ಬಿಡಿಬಿಡಿಯಾಗಿ ನೋಡಿದರೆ ಇವುಗಳಲ್ಲಿ ಯಾವುದೂ ಗುಟ್ಟಲ್ಲ.

ಎರಡನೆಯದು 2006ರ ಆಗಸ್ಟ್‌ನದು. ಇಂಟರ್ನೆಟ್ ಸೇವೆ ಕೊಡುತ್ತಿದ್ದ ಅಮೆರಿಕದ ಎಒಎಲ್ ಕಂಪನಿ ಸುಮಾರು ಆರೂವರೆ ಲಕ್ಷ ಬಳಕೆದಾರರು ಮೂರು ತಿಂಗಳು ಇಂಟರ್ನೆಟ್ಟಿನಲ್ಲಿ ಏನೇನು ಹುಡುಕಿದ್ದರು ಎಂಬ ಪಟ್ಟಿಯನ್ನು ಸಂಶೋಧನೆಗೆಂದು ಬಿಡುಗಡೆ ಮಾಡಿತು. ಹೆಸರಿನ ಬದಲು ನಂಬರ್ ಹಾಕಿದ್ದರು. ಆದರೆ ಜನ ತಮ್ಮ ಊರು, ತಮ್ಮ ಕಾಯಿಲೆ, ತಮ್ಮ ನೆಂಟರ ಹೆಸರನ್ನೇ ಹುಡುಕಿದ್ದರಲ್ಲ! ಕೆಲವೇ ದಿನಗಳಲ್ಲಿ ನ್ಯೂಯಾರ್ಕ್ ಟೈಮ್ಸ್ ವರದಿಗಾರರು ಒಂದು ನಂಬರಿನ ಹಿಂದಿದ್ದ ಮಹಿಳೆಯನ್ನು ಪತ್ತೆಮಾಡಿದರು. ಕಂಪನಿ ಪಟ್ಟಿಯನ್ನು ವಾಪಸ್ ತೆಗೆಯಿತು. ಅಷ್ಟರಲ್ಲಿ ಅದರ ಪ್ರತಿಗಳು ಎಲ್ಲೆಲ್ಲೋ ಹರಡಿದ್ದವು.

ಈಗ ನಮ್ಮ ಗುಂಪುಗಳಿಗೆ ಬರೋಣ. ಸ್ವೀನಿಗೆ ಮತದಾರರ ಪಟ್ಟಿ ಬೇಕಾಯಿತು. ನಮ್ಮ ಪೋಸ್ಟ್ ಓದುವವರಿಗೆ ಅದೂ ಬೇಡ. ನಮ್ಮನ್ನು ಬಲ್ಲವರು ಗುಂಪಿನಲ್ಲೇ ಇರುತ್ತಾರೆ. ಖಾಸಗಿತನ ಅಂದ ಕೂಡಲೇ ನಾವು ಹೆದರುವುದು ಅಪರಿಚಿತರಿಗೆ. ನನಗನ್ನಿಸುವಂತೆ, ದಿನನಿತ್ಯದಲ್ಲಿ ಹೆಚ್ಚು ನೋವಾಗುವುದು ಪರಿಚಿತರು ಗುರುತು ಹಿಡಿದಾಗ. ಸಹೋದ್ಯೋಗಿಗೆ, ನೆಂಟರಿಗೆ, ಪಕ್ಕದ ಮನೆಯವರಿಗೆ ಅರ್ಧ ಕಥೆ ಮೊದಲೇ ಗೊತ್ತಿರುತ್ತದೆ. ಉಳಿದರ್ಧವನ್ನು ನಾವು ಕೊಟ್ಟುಬಿಡುತ್ತೇವೆ.

ಒಂದು ಉದಾಹರಣೆ ನೋಡಿ. "ನಮ್ಮಕ್ಕನಿಗೆ 34 ವರ್ಷ, ಹೈಸ್ಕೂಲಿನಲ್ಲಿ ಗಣಿತದ ಟೀಚರ್, ಅವಳಿ ಮಕ್ಕಳಿದ್ದಾರೆ. ಆರು ತಿಂಗಳಿಂದ ಖಿನ್ನತೆಗೆ ಮಾತ್ರೆ ತಗೊಳ್ತಿದ್ದಾಳೆ, ತೂಕ ತುಂಬಾ ಜಾಸ್ತಿಯಾಗಿದೆ. ಏನು ಮಾಡಬಹುದು?" ತಂಗಿಯ ಕಾಳಜಿ ನಿಜವಾದದ್ದೇ. ಆದರೆ ಅವಳಿ ಮಕ್ಕಳಿರುವ ಗಣಿತದ ಟೀಚರ್ ಆ ಕಡೆ ಎಷ್ಟು ಜನ ಇದ್ದಾರು? ಅದೇ ಗುಂಪಿನಲ್ಲಿ ಅಕ್ಕನ ವಿದ್ಯಾರ್ಥಿಯೊಬ್ಬರ ತಾಯಿ ಇದ್ದರೆ? ಇದನ್ನೇ ಹೀಗೆ ಕೇಳಬಹುದಿತ್ತು: "ಖಿನ್ನತೆಯ ಮಾತ್ರೆ ಶುರು ಮಾಡಿದ ಮೇಲೆ ತೂಕ ಹೆಚ್ಚಿದರೆ ಡಾಕ್ಟರ್ ಹತ್ತಿರ ಏನೇನು ಕೇಳಬೇಕು?" ಸಿಗುವ ಉತ್ತರಗಳು ಹೆಚ್ಚುಕಮ್ಮಿ ಅವೇ. ಅಕ್ಕ ಮಾತ್ರ ಅಲ್ಲಿಲ್ಲ. ಬರೆದ ಪೋಸ್ಟನ್ನು ಹಾಕುವ ಮುಂಚೆ ಒಂದೊಂದೇ ವಿವರ ತೆಗೆದು ನೋಡಿ. ಅದಿಲ್ಲದೆಯೂ ಪ್ರಶ್ನೆಗೆ ಉತ್ತರ ಸಿಗುತ್ತದೆ ಅಂದರೆ ಅದು ಬೇಕಿರಲಿಲ್ಲ.

ಇಲ್ಲಿ ಖಾಸಗಿತನದ ಬಗ್ಗೆ ಅಧ್ಯಯನ ಮಾಡಿರುವ ವಿದ್ವಾಂಸೆ ಹೆಲೆನ್ ನಿಸೆನ್‌ಬಾಮ್ ಅವರ ವಿಚಾರ ಬಹಳ ಉಪಯೋಗಕ್ಕೆ ಬರುತ್ತದೆ. ಖಾಸಗಿತನ ಅಂದರೆ ಎಲ್ಲವನ್ನೂ ಬಚ್ಚಿಡುವುದಲ್ಲ ಎನ್ನುತ್ತಾರೆ ಅವರು. ಒಂದು ಮಾತು ಯಾವ ಸಂದರ್ಭದಲ್ಲಿ, ಯಾವ ನಂಬಿಕೆಯಲ್ಲಿ ಹೇಳಿದ್ದೋ ಅದಕ್ಕೆ ತಕ್ಕಂತೆಯೇ ಮುಂದಕ್ಕೆ ಹೋಗಬೇಕು. ಅಕ್ಕ ಡಾಕ್ಟರಿಗೂ ತಂಗಿಗೂ ಹೇಳಿಕೊಂಡಿದ್ದಾಳೆ. ಅದು ಗುಟ್ಟಲ್ಲ, ಆದರೂ ಸಾವಿರ ಜನರ ಗುಂಪಿಗೆ ಹೇಳಿದ್ದಲ್ಲ. ಸ್ಕ್ರೀನ್‌ಶಾಟ್ ವಿಷಯವೂ ಇದೇ. ನಿಮಗೊಬ್ಬರಿಗೇ ಬಂದ ಮೆಸೇಜ್ ನಿಮ್ಮ ಫೋನಿನಲ್ಲಿದೆ ಅಂದ ಮಾತ್ರಕ್ಕೆ ಅದನ್ನು ಹಂಚುವ ಒಪ್ಪಿಗೆ ಸಿಕ್ಕಂತಲ್ಲ. ಕೇಳಿಬಿಡಿ, ಒಂದು ನಿಮಿಷದ ಕೆಲಸ. ಪುಟ್ಟ ಮಕ್ಕಳನ್ನು ಕೇಳುವುದಕ್ಕೂ ಆಗುವುದಿಲ್ಲ. ಹಾಗಾಗಿ ಅವರ ವಿಷಯದಲ್ಲಿ ಇನ್ನೂ ಹೆಚ್ಚು ಕೈ ಬಿಗಿ ಹಿಡಿಯಬೇಕು.

ಫೋಟೋ ಬಗ್ಗೆ ಚುಟುಕಾಗಿ. ಫೋನಿನಲ್ಲಿ ತೆಗೆದ ಚಿತ್ರದ ಫೈಲಿನೊಳಗೆ ಎಕ್ಸಿಫ್ ಎಂಬ ಮಾಹಿತಿ ಇರುತ್ತದೆ. ಲೊಕೇಶನ್ ಆನ್ ಇದ್ದರೆ ಚಿತ್ರ ತೆಗೆದ ಜಾಗವೂ ಅದರಲ್ಲಿ ಸೇರುತ್ತದೆ. 2012ರಲ್ಲಿ ತಲೆಮರೆಸಿಕೊಂಡಿದ್ದ ಉದ್ಯಮಿ ಜಾನ್ ಮ್ಯಾಕಫಿ ಗ್ವಾಟೆಮಾಲಾದಲ್ಲಿದ್ದಾರೆ ಅಂತ ಗೊತ್ತಾದದ್ದು ಪತ್ರಿಕೆಯೊಂದು ಹಾಕಿದ ಫೋಟೋದ ಇಂಥ ಮಾಹಿತಿಯಿಂದಲೇ. ಈಗ ಎಷ್ಟೋ ದೊಡ್ಡ ತಾಣಗಳು ಇದನ್ನು ತಾವೇ ತೆಗೆದುಹಾಕುತ್ತವೆ. ಆದರೆ ಚಿತ್ರವನ್ನು ಡಾಕ್ಯುಮೆಂಟ್ ಆಗಿ ಕಳಿಸಿದರೆ ಸಾಮಾನ್ಯವಾಗಿ ಅದು ಹಾಗೇ ಹೋಗುತ್ತದೆ.

ಇನ್ನು, ಆಗಲೇ ಹಾಕಿಬಿಟ್ಟಿದ್ದರೆ? ಡಿಲೀಟ್ ಮಾಡಿ, ತಡಮಾಡಬೇಡಿ. ಫಾರ್ವರ್ಡ್ ಮಾಡಿದವರು ಗೊತ್ತಿದ್ದರೆ ಅವರಿಗೂ ತೆಗೆಯಲು ಹೇಳಿ. ಯುರೋಪಿನಲ್ಲಿ 2018ರ ಮೇ 25ರಿಂದ ಜಾರಿಯಲ್ಲಿರುವ ಜಿಡಿಪಿಆರ್ ಎಂಬ ಮಾಹಿತಿ ರಕ್ಷಣೆ ಕಾನೂನಿನ 17ನೇ ವಿಧಿ ತಮ್ಮ ಮಾಹಿತಿ ಅಳಿಸಿ ಎಂದು ಕೇಳುವ ಹಕ್ಕನ್ನು ಕೊಡುತ್ತದೆ. ಅದಕ್ಕೂ ಮಿತಿಗಳಿವೆ, ಯಾರೋ ತೆಗೆದಿಟ್ಟುಕೊಂಡ ಸ್ಕ್ರೀನ್‌ಶಾಟಿನವರೆಗೆ ಅದರ ಕೈ ಚಾಚುವುದು ಕಷ್ಟ. ಆಮೇಲೆ, ಎಲ್ಲರೂ ತಪ್ಪಿಸಿಕೊಳ್ಳಲು ನೋಡುವ ಕೆಲಸವೊಂದಿದೆ. ಯಾರ ವಿಷಯ ಹಾಕಿದ್ದೆವೋ ಅವರಿಗೆ ನಾವೇ ಹೇಳುವುದು. "ಅಕ್ಕಾ, ನಿನ್ನ ವಿಷಯ ಗುಂಪಿನಲ್ಲಿ ಬರೆದುಬಿಟ್ಟಿದ್ದೆ. ಎರಡು ಗಂಟೆ ಇತ್ತು, ಈಗ ತೆಗೆದಿದ್ದೇನೆ. ಯಾರಾದರೂ ಕೇಳಬಹುದು." ಹೇಳಲು ಕಷ್ಟವಾಗುತ್ತದೆ, ನಿಜ. ಆದರೆ ನಾಳೆ ಸ್ಟಾಫ್ ರೂಮಿನಲ್ಲಿ ಯಾರೋ ಆ ಮಾತು ತೆಗೆದಾಗ ಅವಳಿಗೆ ಅದು ಮೊದಲೇ ಗೊತ್ತಿರಬೇಕು.