ಬಿರುಕಿಗೆ ದಾರಿ ತೋರಿಸುವ ಕಾಂಕ್ರೀಟ್

ಕೊಡಗಿನಲ್ಲಿ ಮಳೆ ಹಿಂದೆಗೆದು ಬಿಸಿಲು ನಿಂತ ಕೂಡಲೇ ಮೇಸ್ತ್ರಿಗಳಿಗೆ ಬಿಡುವಿಲ್ಲದ ಕಾಲ ಆರಂಭವಾಗುತ್ತದೆ. ಮನೆ ಕಟ್ಟಿಸುವವರು ಆಗ ವಿಚಾರಿಸುವುದೆಲ್ಲ ಸಿಮೆಂಟಿನ ಬಗ್ಗೆ: ಯಾವ ಕಂಪೆನಿ, ಎಷ್ಟು ಮೂಟೆ, 43 ಗ್ರೇಡೋ 53 ಗ್ರೇಡೋ. ಮೂಟೆಯ ಮೇಲಿನ 53 ಎಂಬ ಅಂಕಿ, ಆ ಸಿಮೆಂಟನ್ನು ಪ್ರಮಾಣಿತ ಮರಳಿನೊಡನೆ ಕಲಸಿ ಮಾಡಿದ ಗಾರೆಯ ಘನವೊಂದು 28 ದಿನಗಳಲ್ಲಿ ತೋರಬೇಕಾದ ಬಲವನ್ನು ಹೇಳುತ್ತದೆಯೇ ಹೊರತು ನಮ್ಮ ತಾರಸಿಯ ಬಲವನ್ನಲ್ಲ. ತಾರಸಿಯ ಬಲ ಬಹುಮಟ್ಟಿಗೆ ನೀರಿನ ಕೈಯಲ್ಲಿದೆ.

ಇದನ್ನು 1918ರಷ್ಟು ಹಿಂದೆಯೇ ಷಿಕಾಗೋದ ಲೂಯಿಸ್ ಇನ್‌ಸ್ಟಿಟ್ಯೂಟಿನಲ್ಲಿ ಡಫ್ ಅಬ್ರಾಮ್ಸ್ ತೋರಿಸಿಕೊಟ್ಟರು. ಕಾಂಕ್ರೀಟನ್ನು ಸರಿಯಾಗಿ ಕೂರಿಸಲು ಸಾಧ್ಯವಾಗುವಷ್ಟು ಹದವಿದ್ದರೆ, ಸಿಮೆಂಟಿಗೆ ಹೋಲಿಸಿದಂತೆ ನೀರು ಕಡಿಮೆಯಾದಷ್ಟೂ ಬಲ ಹೆಚ್ಚುತ್ತದೆ. ಕಾರಣ ಸರಳ. ಸಿಮೆಂಟು ಒಣಗಿ ಗಟ್ಟಿಯಾಗುವ ವಸ್ತುವಲ್ಲ. ಅದು ನೀರಿನೊಡನೆ ರಾಸಾಯನಿಕವಾಗಿ ಕೂಡಿ, ಜಲ್ಲಿ ಮತ್ತು ಮರಳನ್ನು ಹಿಡಿದಿಡುವ ಕ್ಯಾಲ್ಸಿಯಂ ಸಿಲಿಕೇಟ್ ಹೈಡ್ರೇಟ್ ಎಂಬ ಅಂಟಾಗುತ್ತದೆ. ಐವತ್ತು ಕಿಲೋ ಮೂಟೆಯೊಂದರ ಈ ಕ್ರಿಯೆಗೆ ಬೇಕಾಗುವ ನೀರು ಸುಮಾರು 12 ಲೀಟರ್. ಆ ಅಂಟಿನ ಅತಿಸೂಕ್ಷ್ಮ ರಂಧ್ರಗಳಲ್ಲಿ ಸಿಕ್ಕಿಕೊಳ್ಳುವ ನೀರನ್ನು ಸೇರಿಸಿದರೂ 20 ಲೀಟರಿನ ಆಸುಪಾಸು. ಅದಕ್ಕಿಂತ ಹೆಚ್ಚು ಹಾಕಿದ್ದೆಲ್ಲ ಕಲಸುವವರ ಅನುಕೂಲಕ್ಕೆ, ಮತ್ತು ಅದು ಆರಿಹೋದ ಮೇಲೆ ಬಿಟ್ಟುಹೋಗುವುದು ಕಣ್ಣಿಗೆ ಕಾಣದ ತೂತುಗಳನ್ನು. ವೈಬ್ರೇಟರ್ ಸರಿಯಾಗಿ ಬಳಸದೆ ಒಳಗೆ ಗಾಳಿ ಉಳಿದರೆ ನಷ್ಟ ಇನ್ನೂ ಹೆಚ್ಚು: ಶೇಕಡಾ 5ರಷ್ಟು ಗಾಳಿ ಸಿಕ್ಕಿಕೊಂಡರೆ ಬಲದಲ್ಲಿ ಸುಮಾರು ಶೇಕಡಾ 30ರಷ್ಟು ಹೋಗುತ್ತದೆ.

ಭಾರತೀಯ ಮಾನಕ ಐಎಸ್ 456, ಕಬ್ಬಿಣದ ಸರಳುಳ್ಳ ಕಾಂಕ್ರೀಟು ಸೌಮ್ಯ ವಾತಾವರಣದಲ್ಲಿದ್ದರೆ ಸಿಮೆಂಟಿನ ತೂಕದ 0.55ರಷ್ಟು ನೀರಿಗೆ ಮತ್ತು ಎಂ-20 ದರ್ಜೆಗೆ (ಎಂ ಮುಂದಿನ ಅಂಕಿ ಕಾಂಕ್ರೀಟಿನ ಬಲದ ಅಳತೆ) ಒಪ್ಪುತ್ತದೆ. ಆದರೆ ಜೋರು ಮಳೆಗೆ ಮೈಯೊಡ್ಡುವ, ಮತ್ತೆ ಮತ್ತೆ ನೆನೆದು ಒಣಗುವ ಮೇಲ್ಮೈಗಳನ್ನು ಅದು ‘ತೀವ್ರ’ ವರ್ಗಕ್ಕೆ ಸೇರಿಸಿ, 0.45ನ್ನು ಮೀರದ ನೀರು ಮತ್ತು ಕನಿಷ್ಠ ಎಂ-30 ದರ್ಜೆಯನ್ನು ಕೇಳುತ್ತದೆ. ಭಾಗಮಂಡಲದ ಮಳೆ ಈ ವರ್ಗಕ್ಕೆ ಸೇರದಿದ್ದರೆ ಇನ್ನಾವ ಮಳೆ ಸೇರೀತು? 0.45 ಎಂದರೆ ಮೂಟೆಗೆ ಇಪ್ಪತ್ತೆರಡೂವರೆ ಲೀಟರ್. ಅದರಲ್ಲಿಯೂ ಮರಳಿನೊಳಗಿನ ನೀರನ್ನು ಕಳೆಯಬೇಕು. ಒಂದಕ್ಕೆ ಒಂದೂವರೆ ಪಾಲಿನ ಮಿಶ್ರಣದಲ್ಲಿ ಒಂದು ಮೂಟೆಗೆ ಸುಮಾರು 80 ಕಿಲೋ ಮರಳು ಬೀಳುತ್ತದೆ; ಟಾರ್ಪಾಲಿನ ಕೆಳಗಿದ್ದ ಆ ಮರಳಿನಲ್ಲಿ ಶೇಕಡಾ 5ರಷ್ಟು ತೇವವಿದ್ದರೆ ನಾಲ್ಕು ಲೀಟರ್ ನೀರು ಆಗಲೇ ಒಳಗೆ ಸೇರಿದೆ ಎಂದರ್ಥ. ಇಷ್ಟು ಬಿಗಿಯಾದ ಮಿಶ್ರಣವನ್ನು ಹರಡಲು ಕಷ್ಟವಾದರೆ ನೀರು ಸುರಿಯುವ ಬದಲು, ನೀರು ಹೆಚ್ಚಿಸದೆಯೇ ಮಿಶ್ರಣವನ್ನು ಸಡಿಲಗೊಳಿಸುವ ಪ್ಲಾಸ್ಟಿಸೈಸರ್ ಎಂಬ ರಾಸಾಯನಿಕ ಬಳಸುವುದು ಸರಿಯಾದ ಮಾರ್ಗ.

ವಿಚಿತ್ರವೆಂದರೆ, ಕಲಸುವಾಗ ಶತ್ರುವಾದ ನೀರು ಹಾಕಿ ಮುಗಿದ ಮೇಲೆ ಮಿತ್ರನಾಗುತ್ತದೆ. ಮಾನಕವು ಸಾಮಾನ್ಯ ಸಿಮೆಂಟಿಗೆ ಕನಿಷ್ಠ 7 ದಿನ, ಹಾರುಬೂದಿ ಬೆರೆತ ಪಿಪಿಸಿಗೆ ಕನಿಷ್ಠ 10 ದಿನ ಕ್ಯೂರಿಂಗ್, ಅಂದರೆ ಕಾಂಕ್ರೀಟನ್ನು ಒದ್ದೆಯಾಗಿಯೇ ಇಡುವುದನ್ನು ವಿಧಿಸುತ್ತದೆ. ಹೊರಗಿನಿಂದ ಹಾಯಿಸಿದ ನೀರು ದಪ್ಪನೆಯ ಕಾಂಕ್ರೀಟಿನ ಒಳತನಕ ಇಳಿಯುವುದಿಲ್ಲವಾದ್ದರಿಂದ, ನೀರು ಹೀರಿಟ್ಟುಕೊಂಡು ನಿಧಾನವಾಗಿ ಬಿಟ್ಟುಕೊಡುವ ಕಣಗಳನ್ನು ಒಳಗೇ ಬೆರೆಸುವ ಪ್ರಯತ್ನಗಳು ನಡೆದಿವೆ. ಅವುಗಳಲ್ಲೊಂದು ಕಾಫಿ ನಾಡಿನವರ ಕಿವಿ ನಿಮಿರಿಸುವಂಥದ್ದು. ಆಸ್ಟ್ರೇಲಿಯಾದ ಆರ್‌ಎಂಐಟಿ ವಿಶ್ವವಿದ್ಯಾಲಯದವರು ಡಿಕಾಕ್ಷನ್ ತೆಗೆದುಳಿದ ಕಾಫಿ ಚರಟವನ್ನು ಆಮ್ಲಜನಕವಿಲ್ಲದೆ 350 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇದ್ದಿಲಾಗಿಸಿ, ಮರಳಿನ ಶೇಕಡಾ 15ರಷ್ಟು ಭಾಗಕ್ಕೆ ಬದಲಾಗಿ ಬಳಸಿದಾಗ ಕಾಂಕ್ರೀಟಿನ ಬಲ ಸುಮಾರು ಶೇಕಡಾ 30ರಷ್ಟು ಹೆಚ್ಚಿತೆಂದು 2023ರಲ್ಲಿ ವರದಿ ಮಾಡಿದರು. ಚರಟವನ್ನು ಹಾಗೆಯೇ ಹಾಕಿದರೆ ಅದರ ಸಾವಯವ ಅಂಶಗಳು ಸಿಮೆಂಟಿನ ಕ್ರಿಯೆಗೇ ಅಡ್ಡಿಯಾಗುತ್ತವೆ. ಕಾಫಿ ಹಣ್ಣು ಸುಲಿಯುವ ಪಲ್ಪರಿನಿಂದ ಬಂದ ಸಿಪ್ಪೆಯೂ ಇದೇ ಕೆಲಸ ಮಾಡೀತೆಂದು ಇದರಿಂದ ಊಹಿಸುವಂತಿಲ್ಲ.

ಇದುವರೆಗೆ ಹೇಳಿದ್ದು ಒತ್ತಡವನ್ನು ತಡೆಯುವ ಬಲದ ಮಾತು. ಎಳೆತದ ವಿಷಯದಲ್ಲಿ ಕಾಂಕ್ರೀಟು ಬಡವ. ಒತ್ತಡದಲ್ಲಿ ತಾಳುವುದರ ಹತ್ತನೆಯ ಒಂದು ಪಾಲಿನಷ್ಟೇ ಎಳೆತವನ್ನು ಅದು ತಾಳಬಲ್ಲದು. ಅದಕ್ಕಿಂತ ದೊಡ್ಡ ದೋಷವೆಂದರೆ, ಒಮ್ಮೆ ಹುಟ್ಟಿದ ಬಿರುಕು ಅಡ್ಡಿಯಿಲ್ಲದೆ ನೇರವಾಗಿ ಓಡಿಬಿಡುವುದು. ದರ್ಜೆ ಏರಿಸಿದ ಮಾತ್ರಕ್ಕೆ ಈ ಗುಣ ಹೋಗದು. ಬಲ ಹೆಚ್ಚಿದಷ್ಟೂ ಸಾದಾ ಕಾಂಕ್ರೀಟು ಇನ್ನಷ್ಟು ಪೆಡಸಾಗುತ್ತದೆ. ಪ್ರಕೃತಿಯಿಂದ ಕಲಿಯಬೇಕಾದದ್ದು ಇರುವುದು ಇಲ್ಲಿಯೇ ಎಂಬುದು ನನ್ನ ಅಭಿಪ್ರಾಯ.

ಕಾವೇರಿಯಂಥ ಹೊಳೆಗಳಲ್ಲಿ ಸಿಗುವ ಕಪ್ಪೆಚಿಪ್ಪನ್ನು ಮಗುಚಿ ನೋಡಿದರೆ ಒಳಮೈ ಮುತ್ತಿನಂತೆ ಹೊಳೆಯುತ್ತದೆ. ಆ ಪದರದ ಸುಮಾರು ಶೇಕಡಾ 95 ಭಾಗ ಅರಾಗೊನೈಟ್ ಎಂಬ, ಸುಲಭವಾಗಿ ಒಡೆಯುವ ಸುಣ್ಣದ ಖನಿಜ. ಆದರೆ ಅದು ಇಡಿಯ ಗಟ್ಟಿಯಲ್ಲ. ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕಿಂತಲೂ ತೆಳುವಾದ ಬಿಲ್ಲೆಗಳು ಇಟ್ಟಿಗೆ ವರಸೆಯಂತೆ ಕೂತಿದ್ದು, ನಡುವೆ ಪ್ರೋಟೀನಿನ ಮೆತ್ತನೆಯ ಅಂಟಿದೆ. ಬಿರುಕು ಬಂದರೆ ಬಿಲ್ಲೆಗಳು ಒಂದರ ಮೇಲೊಂದು ಜಾರುತ್ತವೆ, ಬಿರುಕು ತಿರುವು ತಿರುವಾಗಿ ಅಲೆದು ಶಕ್ತಿ ಕಳೆದುಕೊಳ್ಳುತ್ತದೆ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಶಶಾಂಕ್ ಗುಪ್ತ ಮತ್ತು ರೆಜಾ ಮೊಯಿನಿ 2024ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಸಿಮೆಂಟಿನ ತೆಳುಹಾಳೆಗಳಿಂದ ಆರು ಮೂಲೆಯ ಬಿಲ್ಲೆಗಳನ್ನು ಲೇಸರಿನಿಂದ ಬೇರ್ಪಡಿಸಿ, ನಡುವೆ ರಬ್ಬರಿನಂತೆ ಹಿಗ್ಗುವ ಪಾಲಿಮರ್ ಹಾಕಿ ಜೋಡಿಸಿದರು. ಬಲ ಹೆಚ್ಚು ಕಡಿಮೆ ಇಡಿಯಾಗಿ ಎರಕ ಹೊಯ್ದ ಸಿಮೆಂಟಿನಷ್ಟೇ ಉಳಿಯಿತು. ಬಿರುಕನ್ನು ತಾಳುವ ಶಕ್ತಿ 17 ಪಟ್ಟು, ಬಾಗುವ ಗುಣ 19 ಪಟ್ಟು ಹೆಚ್ಚಿತು. ಇವು ಪ್ರಯೋಗಾಲಯದ ಪುಟ್ಟ ತೊಲೆಗಳೆಂಬುದನ್ನು ಮರೆಯಬಾರದು.

ಕಟ್ಟಡದವರೆಗೆ ಬಂದಿರುವುದು ಮಿಷಿಗನ್ ವಿಶ್ವವಿದ್ಯಾಲಯದ ವಿಕ್ಟರ್ ಲಿ ರೂಪಿಸಿದ ಬಾಗುವ ಕಾಂಕ್ರೀಟು. ಅದರಲ್ಲಿ ಜಲ್ಲಿಯಿಲ್ಲ, ಗಾತ್ರದ ಶೇಕಡಾ 2ರಷ್ಟು ಕೃತಕ ನಾರಿದೆ. ಎಳೆದಾಗ ಒಂದು ದೊಡ್ಡ ಬಿರುಕಿನ ಬದಲು ಕೂದಲೆಳೆಯಂಥ ಅಸಂಖ್ಯ ಬಿರುಕುಗಳು ಮೂಡುತ್ತವೆ, ಮತ್ತು ನೀರು ತಾಕಿದರೆ ಅವುಗಳಲ್ಲಿ ಎಷ್ಟೋ ತಾವಾಗಿ ಮುಚ್ಚಿಕೊಳ್ಳುತ್ತವೆ. ನಾರು ಎಂದಾಗ ನಮ್ಮವರಿಗೆ ಬಿದಿರು ನೆನಪಾಗುವುದು ಸಹಜ. ಬಿದಿರಿನ ನಾರುಗಳು ಹೊರಮೈಯ ಕಡೆ ಹೆಚ್ಚು ದಟ್ಟವಾಗಿರುವ ವಿನ್ಯಾಸ ಕಲಿಯತಕ್ಕದ್ದೇ ಹೌದು. ಆದರೆ ಕಬ್ಬಿಣದ ಬದಲು ಬಿದಿರಿನ ಸೀಳನ್ನೇ ಹುದುಗಿಸುವುದು ಬೇಡ, ಅದು ನೀರು ಕುಡಿದು ಉಬ್ಬಿ, ಒಣಗಿ ಕುಗ್ಗಿ, ಕಾಂಕ್ರೀಟಿನ ಹಿಡಿತ ತಪ್ಪಿಸಿಕೊಳ್ಳುತ್ತದೆ.

ಬಿರುಕನ್ನು ನಿಲ್ಲಿಸಲಾಗದಿದ್ದರೆ ಅದಕ್ಕೆ ದಾರಿ ಗೊತ್ತುಮಾಡುವ ಉಪಾಯವೊಂದು ತೋಟದಲ್ಲಿ ಕಾಫಿ ಒಣಗಿಸುವ ಕಣಕ್ಕೂ ಒದಗುತ್ತದೆ. ಕಣದಲ್ಲಿ ಸಾಮಾನ್ಯವಾಗಿ ಕಬ್ಬಿಣವಿರುವುದಿಲ್ಲ, ಬಿಸಿಲಿಗೆ ಅದು ಕುಗ್ಗಿ ಬಿರಿಯುವುದು ಖಚಿತ, ಬಿರುಕಿನಲ್ಲಿ ಸಿಕ್ಕ ಬೀಜಕ್ಕೆ ಬೂಸ್ಟು ಹಿಡಿಯುತ್ತದೆ. 10 ಸೆಂಟಿಮೀಟರ್ ದಪ್ಪದ ಕಣದಲ್ಲಿ ಎರಡೂವರೆಯಿಂದ ಮೂರು ಮೀಟರಿಗೊಂದರಂತೆ, ದಪ್ಪದ ಕಾಲುಭಾಗ ಆಳದ ನೇರ ಗೀರುಗಳನ್ನು ಕಾಂಕ್ರೀಟು ಹಸಿಯಿರುವಾಗಲೇ ಎಳೆದರೆ, ಇಲ್ಲವೇ ಮರುದಿನದೊಳಗೆ ಕೊಯ್ದರೆ, ಬಿರುಕು ಆ ಗೀರಿನ ಅಡಿಯಲ್ಲೇ ಹುಟ್ಟುತ್ತದೆ. ಗೀರನ್ನು ಸೀಲೆಂಟಿನಿಂದ ತುಂಬಿದರೆ ಬೀಜವಾಗಲಿ ನೀರಾಗಲಿ ಅದರೊಳಗೆ ಇಳಿಯುವುದಿಲ್ಲ.