ಹಳ್ಳದ ಕಾಯಿಲೆಗೆ ಮದ್ದು ತೊಟ್ಟಿಯಲ್ಲಿದೆ

ಪುಣೆಯ ಕನ್ನಡಿಗರಲ್ಲಿ ಜೇಜುರಿಗೆ ಹೋಗದವರು ಕಡಿಮೆ. ಖಂಡೋಬಾ ಎನ್ನಿ, ಮೈಲಾರಲಿಂಗ ಎನ್ನಿ, ದೇವರು ಒಬ್ಬನೇ. ಸಾಸವಡ ದಾಟಿ ಜೇಜುರಿ, ಅಲ್ಲಿಂದ ಮೋರಗಾಂವ್, ಸುಪೆ ಕಡೆ ಸಾಗಿದರೆ ರಸ್ತೆಯ ಎರಡೂ ಬದಿ ಬೋಳು ದಿಬ್ಬ, ಕುರುಚಲು ಹುಲ್ಲು, ಅಲ್ಲಲ್ಲಿ ಧನಗರರ ಕುರಿಹಿಂಡು. ಮುಂದಿನ ಸಲ ಹೋದಾಗ ಆ ಬಯಲಿನ ಹಳ್ಳಗಳನ್ನೂ ನೋಡಿ. ಎಷ್ಟೋ ಕಡೆ ದಡ ಕಡಿದು ನೆಟ್ಟಗಾಗಿರುತ್ತದೆ, ತಳ ಬೋಳಾಗಿರುತ್ತದೆ, ಪಕ್ಕದಲ್ಲಿ ಮಣ್ಣಿನ ಗುಡ್ಡೆ ಬಿದ್ದಿರುತ್ತದೆ. ಜೆಸಿಬಿ ಬಂದುಹೋದ ಗುರುತು ಅದು.

ಹಳ್ಳವನ್ನು ಅಗೆದು ಆಳ ಮಾಡಿದರೆ ನೀರು ಹೆಚ್ಚುತ್ತದೆ ಎಂಬ ನಂಬಿಕೆ ಎಲ್ಲೆಡೆ ಇದೆ. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ನೀರು ಹುಡುಕುವುದನ್ನು ಮೂಢನಂಬಿಕೆ ಎನ್ನಲು ನಾವು ಹಿಂಜರಿಯುವುದಿಲ್ಲ. ಆದರೆ ಅಗೆತಕ್ಕೆ ಎಸ್ಟಿಮೇಟು, ಬಿಲ್ಲು ಎಲ್ಲ ಇರುವುದರಿಂದ ಅದು ವಿಜ್ಞಾನವೆಂದೇ ಚಲಾವಣೆಯಾಗುತ್ತದೆ. ಮಹಾರಾಷ್ಟ್ರದಲ್ಲಿ 2014ರ ಡಿಸೆಂಬರಿನಲ್ಲಿ ಶುರುವಾದ ಜಲಯುಕ್ತ ಶಿವಾರ್ ಎಂಬ ಜಲಸಂರಕ್ಷಣೆ ಯೋಜನೆಯಲ್ಲೂ ಹಳ್ಳ ಅಗಲ ಮಾಡುವ, ಆಳ ಮಾಡುವ ಕೆಲಸಕ್ಕೆ ದೊಡ್ಡ ಪಾಲು ಸಿಕ್ಕಿತು. ಹಳೆಯ ಬಾಂದಾರದ, ಅಂದರೆ ಹಳ್ಳಕ್ಕೆ ಅಡ್ಡ ಕಟ್ಟಿದ ಒಡ್ಡಿನ, ಹಿಂದೆ ತುಂಬಿದ ಹೂಳು ತೆಗೆಯುವುದು ಒಳ್ಳೆಯ ಕೆಲಸವೇ. ಹಳ್ಳದ ಸ್ವಂತ ತಳವನ್ನೇ ಕೆತ್ತುವುದು ಬೇರೆ. ದಖನ್ನಿನ ಬಸಾಲ್ಟ್ ಬಂಡೆಯಲ್ಲಿ ನೀರು ನಿಲ್ಲುವುದು ಮೇಲಿನ ಶಿಥಿಲ ಪದರದಲ್ಲಿ, ಬಿರುಕುಗಳಲ್ಲಿ. ತಳ ಎರಡು ಮೀಟರ್ ಕೆಳಗಿಳಿದರೆ ಎರಡೂ ದಡದೊಳಗಿನ ಅಂತರ್ಜಲ ಆ ಹೊಸ ತಳದ ಮಟ್ಟಕ್ಕೆ ಸೋರಿ ಇಳಿಯುತ್ತದೆ. ಹಳ್ಳದಲ್ಲಿ ನಾಲ್ಕು ವಾರ ನೀರು ಕಂಡು ಸಂತೋಷವಾಗುತ್ತದೆ. ಆ ನೀರು ಬಂದದ್ದು ಪಕ್ಕದ ಹೊಲದ ಬಾವಿಯಿಂದ.

ಅಗೆದ ಹಳ್ಳದಲ್ಲಿ ನೀರಿನ ವೇಗ ಏನಾಗುತ್ತದೆ ಎಂಬುದು ಈ ವಿಷಯದ ತಿರುಳು. ಐರ್ಲೆಂಡಿನ ಎಂಜಿನಿಯರ್ ರಾಬರ್ಟ್ ಮ್ಯಾನಿಂಗ್ ಹೆಸರಿನ ಸೂತ್ರವೊಂದು 1889ರಿಂದ ಬಳಕೆಯಲ್ಲಿದೆ. ನೀರಿನ ಆಳ ಅಷ್ಟೇ ಇದ್ದರೆ, ವೇಗವು ಇಳಿಜಾರಿನ ವರ್ಗಮೂಲಕ್ಕೆ ತಕ್ಕಂತೆ ಏರುತ್ತದೆ, ತಳದ ಒರಟುತನ ಹೆಚ್ಚಿದಷ್ಟೂ ಇಳಿಯುತ್ತದೆ. 300 ಮೀಟರ್ ಉದ್ದ ಬಳುಕುತ್ತಾ ಹೋಗಿ 3 ಮೀಟರ್ ಇಳಿಯುತ್ತಿದ್ದ ಹಳ್ಳವನ್ನು ನೇರ ಮಾಡಿ 200 ಮೀಟರಿಗೆ ಇಳಿಸಿದರೆಂದುಕೊಳ್ಳಿ. ಇಳಿಜಾರು ಒಂದೂವರೆ ಪಟ್ಟಾಯಿತು. ಹುಲ್ಲು, ಪೊದೆ, ಕಲ್ಲು ಕಿತ್ತು ನುಣುಪು ಮಾಡಿದ್ದರಿಂದ ಒರಟುತನ ಅರ್ಧಕ್ಕಿಳಿಯಿತು. ಎರಡೂ ಸೇರಿ ವೇಗ ಸುಮಾರು 2.45 ಪಟ್ಟು. ಇಷ್ಟೇ ತಾನೇ ಎನ್ನಿಸಬಹುದು. ಆದರೆ 19ನೆಯ ಶತಮಾನದಲ್ಲಿ ಇಂಗ್ಲೆಂಡಿನ ವಿಲಿಯಂ ಹಾಪ್ಕಿನ್ಸ್ ತೋರಿಸಿದಂತೆ, ಹರಿವು ಉರುಳಿಸಬಲ್ಲ ಅತಿ ದೊಡ್ಡ ಕಲ್ಲಿನ ತೂಕ ವೇಗದ ಆರನೇ ಘಾತಕ್ಕೆ ತಕ್ಕಂತೆ ಏರುತ್ತದೆ. 2.45ರ ಆರನೇ ಘಾತ 216. ಅಂದರೆ ನಿನ್ನೆಯವರೆಗೆ ಒಂದಿಂಚಿನ ಹರಳನ್ನಷ್ಟೇ ಕದಲಿಸುತ್ತಿದ್ದ ನೆರೆ ಇವತ್ತು ಆರಿಂಚಿನ ಕಲ್ಲನ್ನು ಉರುಳಿಸಬಲ್ಲದು! ನಿಜವಾದ ಹಳ್ಳದಲ್ಲಿ ವೇಗ ಏರಿದಾಗ ಆಳ ತುಸು ತಗ್ಗುವುದರಿಂದ ಅಂಕಿ ಇಷ್ಟು ಚೊಕ್ಕವಾಗಿ ಬರುವುದಿಲ್ಲ, ದಿಕ್ಕು ಮಾತ್ರ ಇದೇ. ಮೊರದಲ್ಲಿ ಕೇರುವಾಗ ಕೈಯ ರಭಸ ಸ್ವಲ್ಪ ಜಾಸ್ತಿಯಾದರೆ ಜೊಳ್ಳಿನ ಜತೆ ಕಾಳೂ ಹಾರಿಹೋಗುತ್ತದಲ್ಲ, ಅದೇ ಲೆಕ್ಕ. ತಳದ ಕಲ್ಲು ಹೋದ ಮೇಲೆ ಮಣ್ಣು ನಿಲ್ಲುವುದಿಲ್ಲ. ತಳ ಕುಸಿದ ಜಾಗದಲ್ಲಿ ಒಂದು ಮೆಟ್ಟಿಲು ಮೂಡುತ್ತದೆ, ಪ್ರತಿ ಮಳೆಗೂ ಆ ಮೆಟ್ಟಿಲು ಹಿಂದಕ್ಕೆ ಕೊರೆಯುತ್ತಾ ಮೇಲಿನ ಹುಲ್ಲುಗಾವಲನ್ನು ತಿನ್ನುತ್ತದೆ.

ಜೆಸಿಬಿ ಮುಟ್ಟದ ಹಳ್ಳಗಳೂ ಹೀಗೇ ಹಾಳಾಗುತ್ತವೆ. ಅಲ್ಲಿ ಕೆಲಸ ಮಾಡುವುದು ಗೊರಸು. ಸುಮ್ಮನೆ ನಿಂತ ದನದ ಗೊರಸಿನಡಿ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು ಒಂದೂವರೆ ಎರಡು ಕಿಲೊ ಭಾರ ಬೀಳುತ್ತದೆ, ನಡೆಯುವಾಗ ಅದಕ್ಕಿಂತ ಹೆಚ್ಚು. ಒಣ ನೆಲ ಇದನ್ನು ತಾಳಿಕೊಳ್ಳುತ್ತದೆ, ಹಸಿ ದಡ ತಾಳುವುದಿಲ್ಲ. ಮಳೆಗಾಲದಲ್ಲಿ ಎಲ್ಲೆಂದರಲ್ಲಿ ಹೊಂಡ ತುಂಬಿರುವುದರಿಂದ ದನಕುರಿ ಹಳ್ಳಕ್ಕೆ ಮುಗಿಬೀಳುವುದಿಲ್ಲ. ಕೆಟ್ಟ ಕಾಲ ಮಳೆ ನಿಂತ ಮೇಲೆ, ಅಕ್ಟೋಬರ್‌ನಿಂದ ಮುಂದೆ. ಹೊಂಡಗಳು ಬತ್ತಿರುತ್ತವೆ, ಹಳ್ಳದ ದಡ ಇನ್ನೂ ಮೆತ್ತಗಿರುತ್ತದೆ, ಊರಿನ ಎಲ್ಲ ಹಿಂಡುಗಳೂ ಅದೇ ಎರಡು ಇಳಿಜಾರಿನಲ್ಲಿ ಇಳಿಯುತ್ತವೆ. ದಡ ಚಪ್ಪಟೆಯಾಗುತ್ತದೆ, ಚಿಗುರು ಸವೆಯುತ್ತದೆ, ಸೆಗಣಿ ನೀರಿಗೆ ಸೇರುತ್ತದೆ. ಕೆಸರಿನ ಬಸವನಹುಳುಗಳಲ್ಲಿ ಬೆಳೆದ ಯಕೃತ್ತಿನ ಚಪ್ಪಟೆಹುಳುವಿನ ಮರಿಗಳು ದಡದ ಹುಲ್ಲಿಗೆ ಅಂಟಿ ಕುರಿಯ ಹೊಟ್ಟೆ ಸೇರುತ್ತವೆ.

ಇದಕ್ಕೆ ಹಲವರು ಹೇಳುವ ಮದ್ದು ಬೇಲಿ, ಇಲ್ಲವೇ ಮೇಯಿಸುವುದಕ್ಕೇ ನಿಷೇಧ. ಮಹಾರಾಷ್ಟ್ರದ ಹಿವರೆ ಬಜಾರ್ ಎಂಬ ಹಳ್ಳಿಯಂತೆ ಇಡೀ ಊರು ಒಪ್ಪಿದ ಕಡೆ ಮೇವುಬಂದಿ ಫಲ ಕೊಟ್ಟಿದೆ. ಆದರೆ ದೀಪಾವಳಿ ಕಳೆದ ಮೇಲೆ ಕೊಂಕಣಕ್ಕಿಳಿದು ಮಳೆಗೆ ಮುಂಚೆ ಹಿಂದಿರುಗುವ ಧನಗರರನ್ನು ಬೇಲಿ ಹಾಕಿ ತಡೆಯುವುದು ನ್ಯಾಯವೂ ಅಲ್ಲ, ನಡೆಯುವುದೂ ಇಲ್ಲ. ದನಕ್ಕೆ ಬೇಕಾದದ್ದು ನೀರು, ಹಳ್ಳವಲ್ಲ. ಅಮೆರಿಕದ ವರ್ಜೀನಿಯಾದಲ್ಲಿ ನಡೆದು 1997ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಬೇಲಿಯನ್ನೇ ಹಾಕದೆ, ಒರತೆಯ ನೀರಿನ ತೊಟ್ಟಿಯೊಂದನ್ನು ಹೊಳೆಯಿಂದ ದೂರ ಇಟ್ಟರು. ದನಗಳು 92 ಪ್ರತಿಶತ ಸಲ ತೊಟ್ಟಿಯಲ್ಲೇ ಕುಡಿದವು, ದಡದ ಸವಕಳಿ 77 ಪ್ರತಿಶತ ಇಳಿಯಿತು. ಜಾರುವ ದಡ ಇಳಿದು ಕೆಸರು ತುಳಿಯುವುದು ದನಕ್ಕೂ ಇಷ್ಟವಿಲ್ಲ.

ಹಾಗಾಗಿ ಮೊದಲು ತೊಟ್ಟಿ. 200 ಕುರಿಗೆ ತಲಾ 6 ಲೀಟರ್, 20 ದನಕ್ಕೆ ತಲಾ 45 ಲೀಟರ್ ಹಿಡಿದರೆ ದಿನಕ್ಕೆ 2,100 ಲೀಟರ್. ಬೇಸಿಗೆಗೆ ಇನ್ನೂ ಜಾಸ್ತಿ ಇಟ್ಟುಕೊಳ್ಳಬೇಕು. ಮೂರು ದಿನದ ದಾಸ್ತಾನಿಗೆ 6,000ದಿಂದ 7,000 ಲೀಟರಿನ ಟ್ಯಾಂಕು ಬೇಕು. ಟ್ಯಾಂಕು ತುಂಬಿಸುವ ಪಂಪು ಕೆಟ್ಟರೆ ರಿಪೇರಿಗೆ ಅಷ್ಟು ಹೊತ್ತು ಹಿಡಿಯುತ್ತದೆ. ಕುರಿಗಳು ಸರದಿಯಲ್ಲಿ ಬರುವುದಿಲ್ಲ, ಹಿಂಡಿಗೆ ಹಿಂಡೇ ನುಗ್ಗುತ್ತದೆ. ಒಂದೇ ಸಲಕ್ಕೆ 40 ಕುರಿ ಬಾಯಿ ಹಾಕಬೇಕೆಂದರೆ ಕುರಿಗೆ ಕಾಲು ಮೀಟರಿನ ಲೆಕ್ಕದಲ್ಲಿ, ಎರಡೂ ಬದಿ ಕುಡಿಯುವಂತೆ 5 ಮೀಟರ್ ಉದ್ದದ ತೊಟ್ಟಿಯಾಗಬೇಕು. ಕುರಿಗೆ ಅಂಚು ಒಂದಡಿ ಎತ್ತರ ಸಾಕು, ದನಕ್ಕೆ ಎರಡಡಿ. ಒಂದೇ ತೊಟ್ಟಿಯನ್ನು ಇಬ್ಬರಿಗೂ ಹೊಂದಿಸಲು ಹೋದರೆ ಮರಿಗಳು ಬಾಯಾರಿ ನಿಲ್ಲುತ್ತವೆ.

ಕೆಡುವುದು ಹೆಚ್ಚಾಗಿ ಎರಡು ಕಡೆ. ಮೊದಲನೆಯದು ಫ್ಲೋಟ್ ವಾಲ್ವ್, ತೊಟ್ಟಿ ತುಂಬಿದಾಗ ತಾನೇ ನೀರು ನಿಲ್ಲಿಸುವ ತೇಲುಗುಂಡಿನ ನಲ್ಲಿ. ಮನೆಯ ಓವರ್‌ಹೆಡ್ ಟ್ಯಾಂಕಿಗೆ ಹಾಕುವ ವಾಲ್ವಿನ ತೂತು ಸಣ್ಣದು, ಹೆಚ್ಚು ಒತ್ತಡಕ್ಕೆ ಮಾಡಿದ್ದು. ತೊಟ್ಟಿಗಿಂತ ಟ್ಯಾಂಕು ಮೂರು ಮೀಟರ್ ಮೇಲಿದ್ದರೆ ಸಿಗುವ ಒತ್ತಡ ಚದರ ಸೆಂಟಿಮೀಟರಿಗೆ ಬರೀ 0.3 ಕಿಲೊ. ಆ ವಾಲ್ವಿನಲ್ಲಿ ನೀರು ತೊಟ್ಟಿಕ್ಕುತ್ತದೆ, ಹಿಂಡು ತೊಟ್ಟಿಯನ್ನು ಒಣಗಿಸಿ ಮತ್ತೆ ಹಳ್ಳಕ್ಕಿಳಿಯುತ್ತದೆ. ದೊಡ್ಡ ತೂತಿನ, ಕಡಿಮೆ ಒತ್ತಡದ ವಾಲ್ವನ್ನು ಕೇಳಿ ತರಬೇಕು. ವಾಲ್ವಿನ ಹಿಂದೆ, ನೀರು ಬರುವ ಬದಿಗೆ, ಜಾಲರಿ ಹಾಕಿ, ಕೊಂಬು ತಾಗದಂತೆ ಮೇಲೆ ಚಪ್ಪಡಿ ಮುಚ್ಚಬೇಕು. ಎರಡನೆಯದು ಪೈಪು. 32 ಮಿ.ಮೀ. ಎಚ್‌ಡಿಪಿಇ ಪೈಪಿನಲ್ಲಿ ನಿಮಿಷಕ್ಕೆ 12 ಲೀಟರ್ ಹರಿದರೆ 100 ಮೀಟರಿಗೆ ಸುಮಾರು 0.7 ಮೀಟರ್ ಎತ್ತರದಷ್ಟು ಒತ್ತಡ ಘರ್ಷಣೆಯಲ್ಲಿ ಕಳೆಯುತ್ತದೆ. ದುಡ್ಡು ಉಳಿಸಲು ಒಳವ್ಯಾಸ ಅರ್ಧದಷ್ಟಿರುವ ಪೈಪು ಹಾಕಿದರೆ ಅಷ್ಟೇ ಹರಿವಿಗೆ ನಷ್ಟ ಸುಮಾರು 30 ಪಟ್ಟಾಗುತ್ತದೆ. ದಾರಿಯ ಪ್ರತಿ ಉಬ್ಬಿನಲ್ಲೂ ಗಾಳಿ ಸೇರಿಕೊಳ್ಳುತ್ತದೆ. ಅಲ್ಲೊಂದು ಟೀ (T ಆಕಾರದ ಜೋಡಣೆ) ಹಾಕಿ ಗಾಳಿ ಬಿಡುವ ನಲ್ಲಿ ಕೂರಿಸದಿದ್ದರೆ ಪೈಪು ಹೊಸದಾಗಿದ್ದೂ ನೀರು ಬರುವುದಿಲ್ಲ. ತಗ್ಗಿನಲ್ಲಿ ಹೂಳು ಬಿಡಲು ಇನ್ನೊಂದು ನಲ್ಲಿ.

ತೊಟ್ಟಿಯ ಸುತ್ತ ಮೂರು ಮೀಟರ್ ಕಲ್ಲುಹಾಸು, ಮೇಲೆ ಗರಸು. ಇಲ್ಲದಿದ್ದರೆ ಹಳ್ಳದ ಕೆಸರನ್ನೇ ತೊಟ್ಟಿಯ ಬಳಿಗೆ ತಂದಂತಾಯಿತು. ತುಂಬಿ ಚೆಲ್ಲುವ ನೀರನ್ನು ಪೈಪಿನಲ್ಲಿ ದೂರ ಒಯ್ದು ಕಲ್ಲಿನ ಮೇಲೆ ಬಿಡಬೇಕು. ಒಳಮೂಲೆಯಲ್ಲಿ ಒರಟು ಕಲ್ಲಿನ ಇಳಿಜಾರು ಕಟ್ಟಿ, ಅದು ಗೋಡೆಗೆ ಅಂಟಿಕೊಂಡಿರಲಿ. ನೀರಿಗೆ ಬಿದ್ದ ಓತಿ, ಹಕ್ಕಿ, ಇಲಿ ಗೋಡೆ ಹಿಡಿದೇ ಈಜುತ್ತವೆ. ಗೋಡೆಗೂ ಇಳಿಜಾರಿಗೂ ನಡುವೆ ಸಂದಿಯಿದ್ದರೆ ಅವು ಅದರ ಹಿಂದೆ ನುಸುಳಿ ಸಾಯುತ್ತವೆ. ಸುಪೆಯ ಪಕ್ಕದ ಮಯೂರೇಶ್ವರ ಅಭಯಾರಣ್ಯದ ಚಿಂಕಾರ ಹುಲ್ಲೆಗಳು ಓಡಾಡುವ ಬಯಲಿದು, ತೊಟ್ಟಿಗೆ ಬರುವುದು ಕುರಿಗಳಷ್ಟೇ ಅಲ್ಲ.

ಹಿಂಡು ಹಳ್ಳ ಬಿಟ್ಟ ಮೇಲೆ ಕಲ್ಲಿನ ಕೆಲಸ. ಅಮೆರಿಕದ ನ್ಯೂ ಮೆಕ್ಸಿಕೊದ ಹಳ್ಳ ದುರಸ್ತಿ ತಜ್ಞ ಬಿಲ್ ಝೀಡಿಕ್ ಪ್ರಚಾರಕ್ಕೆ ತಂದ ಒಂದೇ ಕಲ್ಲೆತ್ತರದ ಒಡ್ಡು ನನಗೆ ಬಹಳ ಮೆಚ್ಚುಗೆಯಾದದ್ದು, ಏಕೆಂದರೆ ಅದು ನೀರನ್ನು ನಿಲ್ಲಿಸುವುದೇ ಇಲ್ಲ. ಹಳ್ಳಕ್ಕೆ ಅಡ್ಡಲಾಗಿ ಮೂರರಿಂದ ಐದು ಸಾಲು ಕಲ್ಲು, ಒಂದರ ಮೇಲೊಂದು ಪೇರಿಸದೆ, ಸಂದಿಯಿಲ್ಲದಂತೆ ಜೋಡಿಸಬೇಕು. ಎತ್ತರ, ಹಳ್ಳ ದಡದವರೆಗೆ ತುಂಬಿದಾಗಿನ ಆಳದ ಮೂರನೇ ಒಂದು ಭಾಗ ಮೀರಬಾರದು. ಕೆಳಗಿನ ತುದಿಯ ಸಾಲನ್ನು ತಳದಲ್ಲಿ ಹೂಳಬೇಕು, ಎರಡೂ ತುದಿಯನ್ನು ದಡದೊಳಗೆ ಒಂದೂವರೆ ಅಡಿ ಸೇರಿಸಬೇಕು. ಎತ್ತರ ಮಾಡಿದರೆ ಮೇಲಿಂದ ಧುಮುಕುವ ನೀರು ಬುಡವನ್ನೇ ತೋಡುತ್ತದೆ. ತುದಿ ಸಡಿಲವಿದ್ದರೆ ನೀರು ಪಕ್ಕದಿಂದ ನುಸುಳಿ ದಡವನ್ನು ಕೊಯ್ಯುತ್ತದೆ. ಸರಿಯಾಗಿ ಕಟ್ಟಿದರೆ ಒರಟುತನ ಏರಿ ವೇಗ ಇಳಿಯುತ್ತದೆ, ಆರನೇ ಘಾತದ ಲೆಕ್ಕ ಈಗ ನಮ್ಮ ಪರವಾಗಿ ತಿರುಗುತ್ತದೆ: ವೇಗ ಅರ್ಧವಾದರೆ ಉರುಳಬಲ್ಲ ಕಲ್ಲಿನ ತೂಕ 64ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ, ಮರಳು, ಹೂಳು ಅಲ್ಲೇ ಕೂರುತ್ತವೆ. ಹೂಳಿನಲ್ಲಿ ಹುಲ್ಲು ಹಿಡಿದ ಮೇಲೆ ಇನ್ನೊಂದು ಪದರ.

ದಡಕ್ಕೆ ಲಕ್ಕಿಗಿಡದ ಹಸಿ ಕಡ್ಡಿ ಚುಚ್ಚಿದರೆ ಮಳೆಗೆ ಬೇರುಬಿಡುತ್ತದೆ. ನೀರಿನಂಚಿಗೆ ಲಾವಂಚದ ಕಂತೆಗಳನ್ನು ನಾಲ್ಕರಿಂದ ಆರು ಇಂಚಿಗೊಂದರಂತೆ ಸಾಲಾಗಿ ನೆಡಬೇಕು. ನಮ್ಮ ಗುಂಡ್ಲುಪೇಟೆ ಕಡೆಯ ರೈತರು ತಲೆಮಾರುಗಳಿಂದ ಹೊಲದ ಬದುವಿಗೆ ಹಾಕುತ್ತಿದ್ದ ಈ ಹುಲ್ಲನ್ನೇ ವಿಶ್ವಬ್ಯಾಂಕಿನ ತಜ್ಞರು 1980ರ ದಶಕದಲ್ಲಿ ಮಣ್ಣು ತಡೆಯಲು ಬಳಸಿ ಎಂದು ಸಾರತೊಡಗಿದ್ದು. ಮೇಲಿನ ಬಯಲಿನಲ್ಲಿ ಮಾತ್ರ ದಯವಿಟ್ಟು ಮರದ ಗುಂಡಿ ತೋಡಬೇಡಿ, ಅದು ಹುಲ್ಲಿನ ನೆಲ.

ತೊಟ್ಟಿಯ ನೀರು ಯಾರದು ಎಂಬುದನ್ನು ಪೈಪು ಹೂಳುವ ಮುಂಚೆಯೇ ಗ್ರಾಮಸಭೆಯಲ್ಲಿ ಬರೆಸಿಕೊಳ್ಳಬೇಕು. 1972ರ ಬರದ ಬೆನ್ನಲ್ಲೇ ಜೇಜುರಿ ಇರುವ ಪುರಂದರ ತಾಲ್ಲೂಕಿನದೇ ನಾಯಗಾಂವಿನಲ್ಲಿ ವಿಲಾಸರಾವ್ ಸಾಳುಂಖೆ ಆರಂಭಿಸಿದ ಪಾಣಿ ಪಂಚಾಯತ್ ನೀರಿನ ಪಾಲನ್ನು ಜಮೀನಿನ ಅಳತೆಗಲ್ಲ, ಮನೆಮಂದಿಯ ಲೆಕ್ಕಕ್ಕೆ ಹಂಚಿತು, ಭೂಮಿಯಿಲ್ಲದವರಿಗೂ ಪಾಲು ಕೊಟ್ಟಿತು. ತೊಟ್ಟಿಗೂ ಅದೇ ನಿಯಮ ಒಪ್ಪುತ್ತದೆ: ಹಾದುಹೋಗುವ ಹಿಂಡಿಗೂ ಹಕ್ಕು, ಹದಿನೈದು ದಿನಕ್ಕೊಮ್ಮೆ ನೀರು ಬಸಿದು, ಪಾಚಿ ಉಜ್ಜಿ, ಒಳಗೆ ಸುಣ್ಣ ಬಳಿಯುವ ಕೆಲಸದಲ್ಲಿ ಅವರಿಗೂ ಪಾಲು.